ಬೆರಳು ಹೋದರೂ ಬೋರ್ಡು ಕೆಡಬಾರದು

ಮಾರ್ಚ್ 4 ಬಂತೆಂದರೆ ನಮ್ಮ ಕೈಗಾರಿಕಾ ಪ್ರದೇಶಗಳು ಹಸಿರಾಗುತ್ತವೆ. ಗೇಟಿಗೆ ಹಸಿರು ಬ್ಯಾನರ್, ಎದೆಗೆ ಹಸಿರು ಬ್ಯಾಡ್ಜ್, ಸಾಹೇಬರ ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಕೀಳದ ಹೊಸ ಹೆಲ್ಮೆಟ್. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ದಿನ ಅದು. ಬಿಸಿಲಿನಲ್ಲಿ ಸಾಲಾಗಿ ನಿಂತವರಿಂದ ಪ್ರತಿಜ್ಞೆ, ಆಮೇಲೆ ಒಂದು ವಾರ ಘೋಷವಾಕ್ಯ ಸ್ಪರ್ಧೆ, ಭಿತ್ತಿಚಿತ್ರ ಸ್ಪರ್ಧೆ. ಮೊದಲ ಬಹುಮಾನ ಕುಕ್ಕರ್. ಆಯ್ಕೆ ಸೂಕ್ತವೇ: ಸೇಫ್ಟಿ ವಾಲ್ವ್ ಸರಿಯಾಗಿ ಕೆಲಸ ಮಾಡುವ ಯಂತ್ರವನ್ನು ಕಾರ್ಮಿಕನೂ ಒಮ್ಮೆ ನೋಡಲಿ.

ಈ ಹಬ್ಬದ ಮೂಲದೇವರು ಗೇಟಿನ ಪಕ್ಕದ ಬೋರ್ಡು. 'ಅಪಘಾತರಹಿತ ದಿನಗಳು' ಎಂದು ಬರೆದು ಮುಂದೆ ಒಂದು ಅಂಕಿ. ಆ ಅಂಕಿಯ ಮೇಲೆ ನನಗೆ ಅಪಾರ ಗೌರವ. ಅಡುಗೆ ಎಣ್ಣೆಯ ಬೆಲೆ ಬಿಟ್ಟರೆ ಇಷ್ಟು ನಿಷ್ಠೆಯಿಂದ ಏರುವುದು ಅದೊಂದೇ.

ಅದನ್ನು ಏರಿಸಲು ಎಷ್ಟು ಶ್ರಮ ಬೇಕೆಂದು ಹೊರಗಿನವರಿಗೆ ಗೊತ್ತಿಲ್ಲ. ಗಾಯಗೊಂಡವನು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಇಲಾಖೆಗೆ ತಿಳಿಸಬೇಕು ಎಂದಿತು 1948ರ ಕಾರ್ಖಾನೆ ಕಾಯ್ದೆ. ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದೇ 48ನ್ನು ಉಳಿಸಿಕೊಂಡಿದೆ. ಬರೆದವರು ಅದನ್ನು ಗಾಯದ ಅಳತೆ ಎಂದುಕೊಂಡಿದ್ದರು. ನಮ್ಮ ಆಡಳಿತ ವರ್ಗ ಅದನ್ನು ಗಡುವು ಎಂದು ಓದಿಕೊಂಡಿತು. ನಲವತ್ತೇಳನೆಯ ಗಂಟೆಗೆ ಗಾಯಾಳುವಿನ ಮನೆಯ ಮುಂದೆ ಕಂಪನಿಯ ಕಾರು. ಶಿಫ್ಟ್ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬರುತ್ತಿದ್ದವನಿಗೆ ಅಂದು ಎ.ಸಿ. ಪ್ರಯಾಣ. ಟೈಮ್ ಆಫೀಸಿನಲ್ಲಿ ಕುರ್ಚಿ, ಫ್ಯಾನು, ಕೇಳದೆಯೇ ಚಹಾ. ಕೈ ಕೊರಳಿಗೆ ನೇತುಬಿದ್ದಿದೆ, ಆದರೆ ಹಾಜರಿಯ ಪ್ರಕಾರ ಅವನು 'ಲಘು ಕೆಲಸ'ದಲ್ಲಿದ್ದಾನೆ. ಗುತ್ತಿಗೆಯವನಾದರೆ ಕಾರಿನ ಖರ್ಚೂ ಇಲ್ಲ. ಅವನ ಬೆರಳು ಗುತ್ತಿಗೆದಾರನ ಖಾತೆಗೆ ಸೇರಿದ್ದು.

ಇನ್ನು ಬಹುಮಾನದ ಏರ್ಪಾಡು. ವರ್ಷವಿಡೀ ಅಪಘಾತವಿಲ್ಲದ ವಿಭಾಗಕ್ಕೆ ಬೋನಸ್ ಎಂದು ಘೋಷಿಸಿದ ಮರುದಿನದಿಂದ ಗಾಯಗಳು ನಿಲ್ಲುತ್ತವೆ. ಹೇಗೆ ನಿಲ್ಲುತ್ತವೆ ಎಂದರೆ, ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಸುಮ್ಮನಿರಲು ಜೊತೆಯವರೇ ಹೇಳುತ್ತಾರೆ. 'ನಿನ್ನೊಬ್ಬನ ಕೈಗೆ ನಮ್ಮೆಲ್ಲರ ಬೋನಸ್ ಹೋಗಬೇಕೇನಪ್ಪಾ?' ಮ್ಯಾನೇಜರು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ.

ಡೈ ಎಂಬ ಅಚ್ಚಿನಿಂದ ಲೋಹದ ತಗಡು ಒತ್ತುವ ಪವರ್ ಪ್ರೆಸ್ಸಿಗೆ ಎರಡು ಗುಂಡಿ ಇಟ್ಟವನು ಬುದ್ಧಿವಂತ. ಎರಡೂ ಕೈ ಗುಂಡಿಯ ಮೇಲಿದ್ದರೆ ಡೈ ಕೆಳಗೆ ಇಡಲು ಮೂರನೆಯ ಕೈ ಇರುವುದಿಲ್ಲ. ಆದರೆ ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಹಾಕಿದವನಿಗೆ ಈ ಗುಂಡಿಗಳ ಪರಿಚಯವಿಲ್ಲ. ಒಂದಕ್ಕೆ ಬೆಣೆ ಹೊಡೆದರಷ್ಟೇ ಅವನ ಲೆಕ್ಕ ಕೂಡಿಬರುತ್ತದೆ. ಸೂಪರ್‌ವೈಸರ್ ದಿನವೂ ಅದರ ಪಕ್ಕದಲ್ಲೇ ಓಡಾಡುತ್ತಾನೆ. ಪೀಸ್ ಕಡಿಮೆಯಾದರೆ ಕಾಣುತ್ತದೆ, ಬೆಣೆ ಕಾಣುವುದಿಲ್ಲ. ಬೆರಳು ಹೋದ ದಿನ ಮಾತ್ರ ಬೆಣೆಯೂ ಕಾಣುತ್ತದೆ. 2023ರಲ್ಲಿ ನಮ್ಮ ರಾಜ್ಯ ದಿನಕ್ಕೆ 12 ಗಂಟೆ ದುಡಿಸಲು ಕಾಯ್ದೆಗೆ ತಿದ್ದುಪಡಿ ತಂದಿತು, ವಾರಕ್ಕೆ 48ರ ಮಿತಿ ಇಟ್ಟು. ಹನ್ನೊಂದನೆಯ ಗಂಟೆಯಲ್ಲಿ ಕಣ್ಣು ಎಳೆದರೆ ಅದಕ್ಕೂ ಒಂದು ಘೋಷವಾಕ್ಯ ಸಿದ್ಧವಿದೆ.

ಹಾಗೆಂದು ನಾವು ಯಂತ್ರಗಳನ್ನು ಕಡೆಗಣಿಸುವವರಲ್ಲ. ಆಯುಧಪೂಜೆಯ ದಿನ ಬನ್ನಿ. ಕೈ ಒಳಗೆ ಹೋಗದಂತೆ ತಡೆಯುವ, ವರ್ಷವಿಡೀ ಮೂಲೆಯಲ್ಲಿ ಧೂಳು ತಿಂದ 'ಗಾರ್ಡ್' ಎಂಬ ಕವಚವನ್ನು ಒರೆಸಿ, ಯಂತ್ರಕ್ಕೆ ತೊಡಿಸಿ, ವಿಭೂತಿ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕುತ್ತಾರೆ. ಗಾರ್ಡ್ ಅದರ ಜಾಗದಲ್ಲಿ ಕೂತಿರುವುದು ಯಂತ್ರ ಓಡದ ಆ ಒಂದೇ ದಿನ. ಗೇಟಿನ ಮುಂದೆ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿ ದೃಷ್ಟಿ ತೆಗೆಯುತ್ತಾರೆ. ರಸ್ತೆಯಲ್ಲಿ ಒಡೆಯಬೇಡಿ ಎಂದು ಬೆಂಗಳೂರಿನ ಸಂಚಾರ ಪೊಲೀಸರು ಹಬ್ಬ ಬಂದಾಗಲೆಲ್ಲ ಬೇಡಿಕೊಳ್ಳುತ್ತಾರೆ. ಅದರ ಮೇಲೆ ಜಾರಿ ಬೀಳುವ ಸ್ಕೂಟರ್ ಸವಾರ ಕಾಂಪೌಂಡಿನ ಆಚೆಯವನಾದ್ದರಿಂದ ಬೋರ್ಡಿನ ಅಂಕಿಗೆ ತೊಂದರೆಯಿಲ್ಲ.

ಇದೆಲ್ಲ ನಮ್ಮ ದೇಶದ ಹಣೆಬರಹ ಎನ್ನುವವರು ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ಗಿನ ಕಥೆ ನೆನಪಿಸಿಕೊಳ್ಳಬೇಕು. ಏಳು ವರ್ಷ ಒಬ್ಬನೂ ಗಾಯದಿಂದ ರಜೆ ಹಾಕಿಲ್ಲ ಎಂದು ಬೆನ್ನು ತಟ್ಟಲು ತೈಲ ಕಂಪನಿ ಬಿಪಿ ಮತ್ತು ರಿಗ್ಗಿನ ಒಡೆಯ ಟ್ರಾನ್ಸ್‌ಓಶನ್ ಕಂಪನಿಗಳ ದೊಡ್ಡವರು ಹೆಲಿಕಾಪ್ಟರಿನಲ್ಲಿ ಬಂದಿಳಿದರು. ದಿನ 2010ರ ಏಪ್ರಿಲ್ 20. ಅದೇ ರಾತ್ರಿ ಬಾವಿ ಸಿಡಿದು 11 ಜನ ಸತ್ತರು. ಮರುವರ್ಷ ಟ್ರಾನ್ಸ್‌ಓಶನ್ ತನ್ನ ವರದಿಯಲ್ಲಿ, ಜೀವಹಾನಿ ದುಃಖಕರವಾದರೂ ಅಂಕಿಅಂಶದ ಪ್ರಕಾರ 2010 ತನ್ನ ಇತಿಹಾಸದಲ್ಲೇ ಸುರಕ್ಷತೆಗೆ ಅತ್ಯುತ್ತಮ ವರ್ಷ ಎಂದು ಬರೆದು, ಹಿರಿಯ ಅಧಿಕಾರಿಗಳಿಗೆ ಸುರಕ್ಷತಾ ಬೋನಸ್ ಕೊಟ್ಟಿತು. ಸತ್ತವರಲ್ಲಿ 9 ಜನ ಅದರದೇ ನೌಕರರು. ಜಗತ್ತು ಉಗಿದ ಮೇಲೆ ಅಧಿಕಾರಿಗಳು ಆ ಹಣವನ್ನು ಮೃತರ ಕುಟುಂಬಗಳ ನಿಧಿಗೆ ಕೊಟ್ಟರು ಅನ್ನಿ. ಆದರೆ ಲೆಕ್ಕ ತಪ್ಪಿರಲಿಲ್ಲ. ಅದೇ ಭಯಾನಕ.

ಆ ರಿಗ್ಗಿನ ಮುಖ್ಯ ಎಚ್ಚರಿಕೆ ಗಂಟೆ ತಾನಾಗಿ ಬಾರಿಸದಂತೆ ತಡೆದಿಟ್ಟಿದ್ದರು, ಸುಳ್ಳು ಎಚ್ಚರಿಕೆಗೆ ನಡುರಾತ್ರಿ ಜನರ ನಿದ್ದೆ ಕೆಡಬಾರದೆಂದು. ಹೀಗೆ ಅಲ್ಲಿಯ ತಂತ್ರಜ್ಞನೊಬ್ಬ ವಿಚಾರಣೆಯಲ್ಲಿ ಹೇಳಿದ. ಎಷ್ಟು ತಾಯ್ತನ!

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲೂ ಇದೇ ತಾಯ್ತನ ಇತ್ತು. ವಿಷದ ಟ್ಯಾಂಕನ್ನು ತಣ್ಣಗಿಡಬೇಕಾದ ಶೀತಕ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ಸುಡಬೇಕಾದ ಗೋಪುರದ ಪೈಪು ಬಿಚ್ಚಿಟ್ಟಿತ್ತು. ಕೆಲಸಗಾರರನ್ನು ಕಡಿತ ಮಾಡಿದ್ದರು. 1984ರ ಡಿಸೆಂಬರ್ 2ರ ರಾತ್ರಿ ಸೋರಿದಾಗ ಊರಿಗೆ ಕೇಳುವ ಸೈರನ್ನು ಸ್ವಲ್ಪವೇ ಕೂಗಿಸಿ ನಿಲ್ಲಿಸಿದರು. ಸಾವಿರಾರು ಜನ ಸತ್ತರು. ಕಂಪನಿ ವರ್ಷಗಟ್ಟಲೆ ಹೇಳಿದ್ದು, ಯಾವನೋ ಕೋಪಗೊಂಡ ಕೆಲಸಗಾರ ಟ್ಯಾಂಕಿಗೆ ನೀರು ಬಿಟ್ಟ ಎಂದು. 2010ರ ಜೂನ್ 7ರಂದು, ಇಪ್ಪತ್ತೈದು ವರ್ಷದ ಮೇಲೆ, ತಪ್ಪಿತಸ್ಥರಿಗೆ ಎರಡು ವರ್ಷ ಶಿಕ್ಷೆ. ಅಂದೇ ಜಾಮೀನು. ಇದರಲ್ಲಿ ನಗುವುದಕ್ಕೇನೂ ಇಲ್ಲ. ನಾನು ಪ್ರಯತ್ನಿಸಿ ನೋಡಿದೆ, ಆಗಲಿಲ್ಲ.

ಇಲ್ಲಿಯ ತನಿಖಾ ನಮೂನೆಯಲ್ಲಿ 'ಅಪಘಾತದ ಕಾರಣ' ಎಂಬ ಜಾಗ ಚಿಕ್ಕದು, 'ಕಾರ್ಮಿಕನ ನಿರ್ಲಕ್ಷ್ಯ' ಎಂದು ಬರೆಯುವಷ್ಟೇ. ಟಾರ್ಗೆಟ್, ಪಾಳಿಯ ಉದ್ದ, ಸರಿ ಮಾಡಿಸಿ ಎಂದು ಮೂರು ಸಲ ಕೊಟ್ಟ ದೂರು, ಇವುಗಳನ್ನು ತುಂಬಲು ಅಂಕಣವೇ ಇಲ್ಲ. 'ಮರುಕಳಿಸದಂತೆ ಕೈಗೊಂಡ ಕ್ರಮ' ಎಂಬಲ್ಲಿ 'ಸದರಿ ನೌಕರನಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ' ಎಂದಿರುತ್ತದೆ. ನೋಟಿಸ್ ಮುಟ್ಟಿದ್ದಕ್ಕೆ ಅವನು ಸಹಿ ಹಾಕಬೇಕು. ಬ್ಯಾಂಡೇಜ್ ಬಲಗೈಗೇ ಇದ್ದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ, ಎಡಗೈಯದು.