ಹರ್ಬರ್ಟ್ ಬಾಕೆಯ ಹಸಿವಿನ ಯೋಜನೆಯೂ ಲೇಖನದಲ್ಲಿ ವಿವರವಾಗಿ ಬರಬೇಕಿತ್ತು

ಸರ್, ನಿಮ್ಮ ಲೇಖನದಲ್ಲಿ ನಾಜಿ ಜರ್ಮನಿಯ ಆಹಾರ ಮತ್ತು ಕೃಷಿ ಖಾತೆಯ ಹರ್ಬರ್ಟ್ ಬಾಕೆ 1928ರಲ್ಲಿ ಗುತ್ತಿಗೆಗೆ ಜಮೀನು ಹಿಡಿದು ಬೇಸಾಯ ಮಾಡಿದ್ದು, ಆಮೇಲೆ ಹಿಟ್ಲರನ ಸರ್ಕಾರ ಸೇರಿದ್ದು ಎಲ್ಲವನ್ನೂ ಚೆನ್ನಾಗಿ ಬರೆದಿದ್ದೀರಿ. ಆದರೆ 1941ರ ಹಸಿವಿನ ಯೋಜನೆಗೆ ಒಂದೇ ಸಾಲು ಕೊಟ್ಟಿದ್ದು ಸರಿಯಲ್ಲ. ಅದರ ಮುಖ್ಯ ರೂವಾರಿ ಇವನೇ ಅಲ್ವಾ?

ಆ ಯೋಜನೆ ಇಷ್ಟೇ: ಉಕ್ರೇನಿನ ಧಾನ್ಯ ಜರ್ಮನ್ ಸೈನ್ಯಕ್ಕೆ, ಜರ್ಮನ್ನರ ಊಟಕ್ಕೆ. ಸೋವಿಯತ್ ನಗರಗಳ ಜನ ಉಪವಾಸ ಸಾಯಲಿ. ಕೋಟಿಗಟ್ಟಲೆ ಜನ ಸಾಯುತ್ತಾರೆಂದು ಮೊದಲೇ ಲೆಕ್ಕ ಹಾಕಿಯೇ ಹೊರಟಿದ್ದರು. 1942ರ ಆರಂಭದ ಹೊತ್ತಿಗೆ ಜರ್ಮನ್ನರ ಸೆರೆಯಲ್ಲಿದ್ದ ಸುಮಾರು 20 ಲಕ್ಷ ಸೋವಿಯತ್ ಯುದ್ಧಕೈದಿಗಳು ಸತ್ತಿದ್ದರು, ಹೆಚ್ಚಿನವರು ಹಸಿವು, ಚಳಿ, ರೋಗದಿಂದ. ಬೆಳೆಯ ಬೆಲೆ ಗೊತ್ತಿದ್ದವನೇ ಇದನ್ನು ಮಾಡಿದ್ದು ನನಗೆ ಜಾಸ್ತಿ ಸಂಕಟ ತರುತ್ತದೆ.

ಬಾಕೆ 1947ರಲ್ಲಿ ನ್ಯೂರೆಂಬರ್ಗ್ ಜೈಲಿನಲ್ಲಿ ನೇಣು ಹಾಕಿಕೊಂಡ. ವಿಚಾರಣೆ ನಡೆಯಲೇ ಇಲ್ಲ. ದಯವಿಟ್ಟು ಆ ಕೈದಿಗಳ ಬಗ್ಗೆಯೂ ಒಂದು ಲೇಖನ ಬರೆಯಿರಿ.