ಬಿ-ಖಾತಾ ಸಂಬಂಧ

ನಾನು ಪತ್ರ ಬರಹಗಾರ. ಬರಹಗಾರ ಅಂದ ಕೂಡಲೇ ಕಥೆ, ಕವನ ಅಂದ್ಕೋಬೇಡಿ. ಬೆಂಗಳೂರಿನ ಒಂದು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಇಪ್ಪತ್ತಾರು ವರ್ಷದಿಂದ ಮೇಜು ಹಾಕಿಕೊಂಡು ಕೂತಿದ್ದೇನೆ. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ಹಕ್ಕು ಬಿಡುಗಡೆ, ವಿಲ್. ಮೊದಲು ಛಾಪಾ ಕಾಗದ, ಟೈಪ್‌ರೈಟರು. ಈಗ ಕಂಪ್ಯೂಟರು, ಪ್ರಿಂಟರು. ಟೀ ಮಾತ್ರ ಅದೇ ಅಂಗಡಿಯದು.

ಮೊನ್ನೆ ಆ ಟೀ ಅಂಗಡಿಯಲ್ಲಿ ಸಲಿಂಗಿಗಳ ಮದುವೆ ಮಾತು ಬಂತು. ಒಬ್ಬರು ಹೇಳಿದರು, "ಒಟ್ಟಿಗೆ ಇರಬೇಡಿ ಅಂತ ಯಾರು ಹೇಳಿದ್ದಾರೆ ಸ್ವಾಮಿ? ಇರಲಿ ಪಾಪ. ಅದಕ್ಕೆ ಕಾಗದ ಯಾಕೆ ಬೇಕು?" ಹೀಗೆ ಹೇಳಿದವರು ಯಾರು ಗೊತ್ತಾ? ಇ-ಖಾತಾದಲ್ಲಿ, ಅಂದರೆ ಆಸ್ತಿಯ ಆನ್‌ಲೈನ್ ದಾಖಲೆಯಲ್ಲಿ, ತಮ್ಮ ಹೆಸರಿನ ಇನಿಶಿಯಲ್ ತಪ್ಪಾಗಿದೆ ಅಂತ ಮೂರು ತಿಂಗಳಿಂದ ಫೈಲು ಹಿಡಿದು ಓಡಾಡುತ್ತಿರುವ ಮನುಷ್ಯ. ನನಗೆ ನಗು ತಡೆಯಲಿಲ್ಲ. ಅವರಿಗೆ ಸಿಟ್ಟು ಬಂತು. ನಗು ಯಾಕೆ ಬಂತು ಅಂತ ಅಲ್ಲಿ ನಿಂತು ವಿವರಿಸೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2016ರಲ್ಲಿ ಇಬ್ಬರು ಹೆಂಗಸರು ನನ್ನ ಹತ್ತಿರ ಬಂದರು. ಒಬ್ಬರು ಖಾಸಗಿ ಶಾಲೆಯಲ್ಲಿ ಟೀಚರ್. ಇನ್ನೊಬ್ಬರು ಬ್ಲೌಸ್ ಹೊಲಿಯುವವರು, ಸಣ್ಣ ಅಂಗಡಿ. ಇಬ್ಬರಿಗೂ ಐವತ್ತರ ಆಸುಪಾಸು. (ಬದುಕಿರುವವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಒಂದು ಪುಟ್ಟ ಮನೆ. ಸಂಬಳದ ಚೀಟಿ ಇದ್ದದ್ದು ಟೀಚರಮ್ಮನ ಹತ್ತಿರ, ಹಾಗಾಗಿ ಸಾಲವೂ ಮನೆಯೂ ಅವರ ಹೆಸರಲ್ಲಿ. ಆದರೆ ಕಂತಿನ ಅರ್ಧ ಭಾಗ ಬ್ಲೌಸ್ ಹೊಲಿದ ದುಡ್ಡು.

"ಅಕ್ಕ ತಂಗಿನಾಮ್ಮಾ?" ಅಂದೆ.

"ಅಲ್ಲ ಸರ್."

"ಮತ್ತೆ? ಕಸಿನ್ನಾ?"

ಇಬ್ಬರೂ ಸುಮ್ಮನಾದರು. ನಾನು ದಡ್ಡನಲ್ಲ, ಅರ್ಥವಾಯಿತು. ಸುಳ್ಳು ಯಾಕೆ ಹೇಳಲಿ, ಆವತ್ತು ಒಂದು ಕ್ಷಣ ಮುಖ ಸಿಂಡರಿಸಿದೆ. ಟೈಲರಮ್ಮ ಅದನ್ನು ನೋಡಿದರು ಕೂಡ. ಆಮೇಲೆ ಕಸುಬು ನೆನಪಾಗಿ ಕೆಲಸಕ್ಕೆ ಬಂದೆ.

ಅವರಿಗೆ ಬೇಕಾಗಿದ್ದದ್ದು ದಾನಪತ್ರ. ಮನೆಯ ಅರ್ಧ ಭಾಗ ಈಗಲೇ ಟೈಲರಮ್ಮನ ಹೆಸರಿಗೆ ಆಗಬೇಕು. ಲೆಕ್ಕ ಹಾಕಿದೆ. ಗಂಡನಿಗೋ, ಹೆಂಡತಿಗೋ, ಮಕ್ಕಳಿಗೋ, ಒಡಹುಟ್ಟಿದವರಿಗೋ ದಾನ ಕೊಟ್ಟರೆ ನಮ್ಮ ರಾಜ್ಯದಲ್ಲಿ ಸ್ಟಾಂಪ್ ಡ್ಯೂಟಿ ಕೆಲವೇ ಸಾವಿರಕ್ಕೆ ಮುಗಿಯುತ್ತದೆ. ಹೊರಗಿನವರಿಗೆ ಕೊಟ್ಟರೆ ಮಾರಾಟದ ಹಾಗೆ ಬೆಲೆಯ ಮೇಲೆ ಶೇ 5, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಅವರ ಅರ್ಧ ಭಾಗಕ್ಕೆ ಇಪ್ಪತ್ತು ಲಕ್ಷ ಅಂದುಕೊಳ್ಳಿ, ಡ್ಯೂಟಿಯೇ ಒಂದು ಲಕ್ಷ. ಅಲ್ಲಿಗೂ ಮುಗಿಯಲಿಲ್ಲ. ಸಂಬಂಧಿಕರಲ್ಲದವರಿಂದ 50 ಸಾವಿರಕ್ಕಿಂತ ಜಾಸ್ತಿ ಬೆಲೆಯ ಆಸ್ತಿ ಪುಕ್ಕಟೆ ಬಂದರೆ ಆದಾಯ ತೆರಿಗೆಯವರು ಅದನ್ನು ಆ ವರ್ಷದ ಆದಾಯ ಅಂತಾರೆ. ಬ್ಲೌಸ್ ಹೊಲಿಯುವ ಹೆಂಗಸಿಗೆ ಒಂದೇ ವರ್ಷದಲ್ಲಿ ಇಪ್ಪತ್ತು ಲಕ್ಷ ಆದಾಯ!

ಟೀಚರಮ್ಮನಿಗೆ ಒಬ್ಬ ಅಣ್ಣ ಇದ್ದ. ಇಪ್ಪತ್ತು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಅವನಿಗೆ ಕೊಟ್ಟಿದ್ದರೆ ಡ್ಯೂಟಿ ಕೆಲವು ಸಾವಿರ, ತೆರಿಗೆ ಸೊನ್ನೆ.

ಹಾಗಾಗಿ ವಿಲ್ ಮಾಡೋಣ ಅಂದೆ. ಬರೆಯುತ್ತಾ ಬರೆಯುತ್ತಾ "ಇವರು ನಿಮಗೆ ಏನಾಗಬೇಕು" ಅನ್ನುವ ಜಾಗಕ್ಕೆ ಬಂದೆ. ನನ್ನ ಬೆರಳು ಅಲ್ಲೇ ನಿಂತಿತು. ಆಗ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಇನ್ನೂ ಜೀವಂತ. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತ್ತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿಸಿತ್ತು. ಏನು ಬರೆದರೆ ಏನು ತಾಪತ್ರಯವೋ. ಟೈಲರಮ್ಮನೇ ಹೇಳಿದರು, "ಸ್ನೇಹಿತೆ ಅಂತ ಹಾಕಿ ಸರ್, ಸಾಕು." ಹಾಕಿದೆ. "ನನ್ನ ಬಹುಕಾಲದ ಸ್ನೇಹಿತೆಯಾದ" ಅಂತ. ಬಹುಕಾಲ ಅನ್ನೋದು ನಾನೇ ಸೇರಿಸಿದ್ದು. ಇಬ್ಬರು ಸಾಕ್ಷಿ, ಸಹಿ, ಹೆಬ್ಬೆಟ್ಟು, ನೋಂದಣಿ ಎಲ್ಲ ಆಯಿತು. ಟೀಚರಮ್ಮ ನನ್ನ ಫೀಸಿನ ಜೊತೆ ಒಂದು ಡಬ್ಬಿ ರವೆ ಉಂಡೆ ಕೊಟ್ಟು ಹೋದರು.

2022ರಲ್ಲಿ ಟೀಚರಮ್ಮ ತೀರಿಕೊಂಡರು. ಆಸ್ಪತ್ರೆಯಲ್ಲಿ ಸಹಿ ಯಾರು ಹಾಕಬೇಕು, ಹೆಣ ಯಾರಿಗೆ ಕೊಡಬೇಕು ಅನ್ನೋ ರಾದ್ಧಾಂತ ಬೇರೆ, ಅದನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಿದ್ದನ್ನು ಹೇಳುತ್ತೇನೆ. ಹದಿಮೂರನೇ ದಿನ ಕಳೆದ ಮೇಲೆ ಅಣ್ಣನ ಮಕ್ಕಳು ಕೇಸು ಹಾಕಿದರು. ನಮ್ಮತ್ತೆಯ ಮನಸ್ಸು ಕೆಡಿಸಿ ಬರೆಸಿಕೊಂಡಿದ್ದಾರೆ ಅಂತ. ರಿಜಿಸ್ಟರ್ ಆದ ವಿಲ್ ಅಲ್ವಾ, ಯಾರು ಏನು ಮಾಡೋಕೆ ಆಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಹಾಗೇನಿಲ್ಲ. ವಿಲ್ ಅನ್ನು ಕೋರ್ಟಿನಲ್ಲಿ ಸಾಕ್ಷಿ ಕರೆಸಿ ರುಜುವಾತು ಮಾಡಬೇಕು. ರಕ್ತಸಂಬಂಧಿಗಳನ್ನು ಬಿಟ್ಟು ಹೊರಗಿನವರಿಗೆ ಎಲ್ಲವನ್ನೂ ಬರೆದಿದ್ದರೆ ಅದನ್ನೇ ಅನುಮಾನಕ್ಕೆ ಕಾರಣ ಮಾಡಿ ವಾದ ಹೂಡುತ್ತಾರೆ.

ಪತ್ರ ಬರೆದವನು ಅಂತ ನನ್ನನ್ನೂ ಕರೆಸಿದರು. ಆ ಕಡೆಯ ವಕೀಲರು ಒಳ್ಳೇ ಚುರುಕು. ಕೇಳಿದರು, "ನೀವೇ ಬರೆದಿದ್ದೀರಲ್ಲ, ಸ್ನೇಹಿತೆ ಅಂತ. ನಿಮಗೂ ಸ್ನೇಹಿತರಿದ್ದಾರೆ ತಾನೇ? ನಿಮ್ಮ ಮನೆಯನ್ನು ಅವರಿಗೆ ಬರೆದುಕೊಟ್ಟಿದ್ದೀರಾ?"

ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಪತ್ರ ಬರೆದಿದ್ದೇನೆ. ಚೆಕ್ಕುಬಂದಿ ತಪ್ಪಾಗಿದೆ, ಸರ್ವೆ ನಂಬರು ತಪ್ಪಾಗಿದೆ, ತಿದ್ದುಪಡಿ ಪತ್ರ ಮಾಡಿಕೊಟ್ಟಿದ್ದೇನೆ. ಈ ಒಂದು ಪದಕ್ಕೆ ತಿದ್ದುಪಡಿ ಪತ್ರ ಇಲ್ಲ. ಬರೆಸಿದವರು ಬದುಕಿಲ್ಲ. ಬದುಕಿದ್ದರೂ ಏನು ಅಂತ ತಿದ್ದೋದು? ಕಾನೂನಿನಲ್ಲಿ ಅದಕ್ಕೆ ಹೆಸರೇ ಇಲ್ಲವಲ್ಲ. ಕೇಸು ಇನ್ನೂ ನಡೆಯುತ್ತಿದೆ.

ಟೈಲರಮ್ಮನ ಜಾಗದಲ್ಲಿ ಒಬ್ಬ ಗಂಡ ಇದ್ದಿದ್ದರೆ? ವಿಲ್ ಇಲ್ಲದಿದ್ದರೂ ನಡೆಯುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಗಸಿನ ಸ್ವಂತ ದುಡಿಮೆಯ ಆಸ್ತಿಗೆ ಮೊದಲ ಸಾಲಿನಲ್ಲಿ ನಿಲ್ಲುವವರು ಮಕ್ಕಳು ಮತ್ತು ಗಂಡ. ಅಣ್ಣನ ಮಕ್ಕಳು ಗೇಟಿನ ಹತ್ತಿರ ಕೂಡ ಬರುವ ಹಾಗಿರಲಿಲ್ಲ. ಆ ಗಂಡ ಕುಡುಕನಾಗಿರಲಿ, ಮನೆ ಬಿಟ್ಟು ಹೋಗಿ ಹತ್ತು ವರ್ಷ ಆಗಿರಲಿ, ವಿಚ್ಛೇದನ ಆಗದಿದ್ದರೆ ಅವನೇ ವಾರಸುದಾರ. ಅಂಥ ಕೇಸುಗಳೂ ನನ್ನ ಮೇಜಿಗೆ ಬಂದಿವೆ.

ಈಗ ಕೋರ್ಟಿನ ವಿಷಯ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನ್ನು ಒಪ್ಪಿತ ವಯಸ್ಕರ ತಲೆ ಮೇಲಿಂದ ಇಳಿಸಿತು. ಅದಕ್ಕೆ ದಾರಿ ಮಾಡಿದ್ದು ಹಿಂದಿನ ವರ್ಷದ ಖಾಸಗಿತನದ ತೀರ್ಪು. ಆ ಕೇಸಿಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋಗಿದ್ದು ಆಧಾರ್ ವಿಷಯಕ್ಕೆ. ದಿನಕ್ಕೆ ಐವತ್ತು ಆಧಾರ್ ಜೆರಾಕ್ಸ್ ನೋಡುವ ನನಗೆ ಇದು ಯಾವಾಗಲೂ ಮಜಾ ಅನಿಸುತ್ತದೆ.

ಮದುವೆಯ ಕೇಸು ಬಂದದ್ದು 2023ರಲ್ಲಿ. ಏಪ್ರಿಲ್-ಮೇನಲ್ಲಿ ಹತ್ತು ದಿನ ವಾದ, ಅಕ್ಟೋಬರ್ 17ಕ್ಕೆ ತೀರ್ಪು. ಅರ್ಜಿ ಹಾಕಿದವರಲ್ಲಿ ನಮ್ಮ ಬೆಂಗಳೂರಿನ ಟ್ರಾನ್ಸ್ ಹಕ್ಕುಗಳ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಇದ್ದರು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನಮಗೂ ಜಾಗ ಕೊಡಿ ಅನ್ನೋದು ಬೇಡಿಕೆ. ಐದೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ, ಈ ಕಾಯ್ದೆಯನ್ನು ನಾವು ತಿದ್ದಿ ಓದೋಕಾಗಲ್ಲ, ಅದು ಸಂಸತ್ತಿನ ಕೆಲಸ ಅಂದರು. ಮದುವೆ ಅಂತ ಕರೆಯದೆ ಜೊತೆಯಾಗಿರೋದಕ್ಕಾದರೂ ಮಾನ್ಯತೆ ಕೊಡಬೇಕು ಅಂದವರು ಚಂದ್ರಚೂಡ್ ಮತ್ತು ಕೌಲ್ ಇಬ್ಬರೇ. ಉಳಿದ ಮೂವರು ಒಪ್ಪಲಿಲ್ಲ. ಟ್ರಾನ್ಸ್ ವ್ಯಕ್ತಿಗಳು ಗಂಡು-ಹೆಣ್ಣಾಗಿ ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಅಂತ ಎಲ್ಲರೂ ಒಪ್ಪಿದರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು.

ಇಲ್ಲಿ ನನ್ನ ಕೆಲವು ಗೆಳೆಯರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಕೋರ್ಟಿನ ಕಷ್ಟ ನನಗೆ ಅರ್ಥವಾಗುತ್ತದೆ. ಪತ್ರದಲ್ಲಿ ಒಂದು ಹೆಸರು ಬದಲಿಸಿದರೆ ಕೆಳಗೆ ಹತ್ತು ಕಡೆ ಬದಲಿಸಬೇಕು. ಆ ಕಾಯ್ದೆಯಲ್ಲಿ ಗಂಡಿಗೆ 21, ಹೆಣ್ಣಿಗೆ 18 ಅಂತಿದೆ. ಜೀವನಾಂಶ, ಉತ್ತರಾಧಿಕಾರ, ದತ್ತು, ಎಲ್ಲೆಲ್ಲೂ ಗಂಡ, ಹೆಂಡತಿ. ಒಂದು ಎಳೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಸಂಸತ್ತು ಕೂತು ಮಾಡಬೇಕಾದ ಕೆಲಸವೇ ಸರಿ. ನನ್ನ ತಕರಾರು ಇರೋದು ಸಂಸತ್ತಿನ ಮೇಲೆ. ಕಷ್ಟದ ಕರಡು ಅಂತ ಬಂದ ಗಿರಾಕಿಯನ್ನು ನಾನು ವಾಪಸ್ ಕಳಿಸಿದ್ದರೆ ನನ್ನ ಮೇಜು ಎಂದೋ ಖಾಲಿಯಾಗುತ್ತಿತ್ತು.

ಕೇಂದ್ರ ಸರ್ಕಾರ ಏನೂ ಮಾಡಿಲ್ಲ ಅನ್ನೋ ಹಾಗಿಲ್ಲ. 2024ರಲ್ಲಿ ಸಂಪುಟ ಕಾರ್ಯದರ್ಶಿ ನೇತೃತ್ವದಲ್ಲಿ ಸಮಿತಿ ಮಾಡಿದರು. ಆ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಇಂಥ ಜೋಡಿಗಳು ಜಂಟಿ ಖಾತೆ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅಂತ ಸ್ಪಷ್ಟ ಮಾಡಿತು. ಪಡಿತರ ಚೀಟಿಗೂ ಒಂದೇ ಮನೆಯವರು ಅಂತ ಪರಿಗಣಿಸಿ ಅಂದರು. ಒಳ್ಳೆಯದೇ. ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕು ದುಡ್ಡನ್ನು ನಾಮಿನಿ ಕೈಗೆ ಕೊಡುತ್ತದೆ, ಆಮೇಲೆ ವಾರಸುದಾರರು ಬಂದು ಅದು ನಮ್ಮದು ಅಂತ ಕೇಳಬಹುದು. ಜೀವವಿಮೆಯಲ್ಲಂತೂ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿಯಾದರೆ ಮಾತ್ರ ಹಣ ಅವರದೇ ಆಗುತ್ತದೆ. ಬೇರೆಯವರಾದರೆ ಬರೀ ಪೋಸ್ಟ್‌ಮ್ಯಾನ್.

ಇದಕ್ಕೇ ನಾನು ಬಿ-ಖಾತಾ ಅನ್ನೋದು. ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಹೇಳೋದಾದರೆ, ಸರಿಯಾದ ಅನುಮೋದನೆ ಇಲ್ಲದ ಆಸ್ತಿಗಳಿಂದ ತೆರಿಗೆ ಕಟ್ಟಿಸಿಕೊಳ್ಳೋಕೆ ಪಾಲಿಕೆ ಇಟ್ಟ ಬೇರೆ ಪುಸ್ತಕ ಅದು; ಎಲ್ಲ ಸರಿಯಿದ್ದರೆ ಎ ಖಾತಾ. ಮನೆ ಇದೆ, ಬಾಗಿಲಿಗೆ ತೋರಣ ಇದೆ, ಒಳಗೆ ಜನ ಇದ್ದಾರೆ. ತೆರಿಗೆ ಪೂರ್ತಿ ಕಟ್ಟಿಸಿಕೊಳ್ಳುತ್ತಾರೆ. ಆದರೆ ಪ್ಲಾನ್ ಕೇಳಿದರೆ ಇಲ್ಲ, ಬ್ಯಾಂಕಿಗೆ ಸಾಲಕ್ಕೆ ಹೋದರೆ ಮುಖ ಆ ಕಡೆ. ಹಾಗಂತ ಬಿ-ಖಾತಾ ಮನೆಗಳನ್ನು ಯಾರಾದರೂ "ಇದು ನಮ್ಮ ಸಂಸ್ಕೃತಿಯಲ್ಲ" ಅಂದರಾ? ಇಲ್ಲ. ಎ ಖಾತಾ ಮಾಡಿಕೊಡಿ ಅಂತ ಜನ ಕೇಳಿದರು, ಸರ್ಕಾರವೂ ಹೊರಟಿದೆ.

ಇನ್ನೊಂದು ಮಾತು ಜಾಸ್ತಿ ಕೇಳುತ್ತೇನೆ. ಇದೆಲ್ಲ ಸಾಫ್ಟ್‌ವೇರ್ ಹುಡುಗರ, ವೈಟ್‌ಫೀಲ್ಡ್‌ನವರ ಖಯಾಲಿ ಅಂತ. 2023ರಲ್ಲಿ ಕೇಂದ್ರ ಸರ್ಕಾರವೂ ಕೋರ್ಟಿಗೆ ಹೆಚ್ಚು ಕಡಿಮೆ ಇದನ್ನೇ ಹೇಳಿತ್ತು, ಇದು ನಗರದ ಗಣ್ಯರ ದೃಷ್ಟಿ ಅಂತ. ಗಣ್ಯರಿಗೆ ಟ್ರಸ್ಟ್ ಮಾಡಿಕೊಡೋ ದೊಡ್ಡ ವಕೀಲರಿದ್ದಾರೆ ಸ್ವಾಮಿ. ಬೇಕಾದರೆ ಹೊರದೇಶಕ್ಕೆ ಹೋಗಿ ಮದುವೆಯಾಗಿ ಅಲ್ಲೇ ಉಳಿಯುತ್ತಾರೆ. ತೈವಾನ್‌ನಲ್ಲಿ 2019ರಿಂದ ಇದೆ, ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ. ಪಕ್ಕದ ನೇಪಾಳದಲ್ಲೇ 2023ರಲ್ಲಿ ಮೊದಲ ನೋಂದಣಿ ಆಯಿತು. ಕಾಗದ ಇಲ್ಲದೆ ಬೀದಿಗೆ ಬೀಳುವವರು ಬ್ಲೌಸಿಗೆ ಇನ್ನೂರು ಮುನ್ನೂರು ತಗೊಳ್ಳುವವರು.

ಮದುವೆ ಪವಿತ್ರ ಬಂಧ, ಅದನ್ನು ಮುಟ್ಟಬೇಡಿ ಅನ್ನುವವರು ಒಂದು ವಾರ ನನ್ನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರಲಿ. ಟೀ ನನ್ನ ಲೆಕ್ಕ. ಮಗಳಿಗೆ ಐದು ಲಕ್ಷ ಕೊಟ್ಟು ಹಕ್ಕು ಬಿಡುಗಡೆಗೆ ಸಹಿ ಹಾಕಿಸುವ ಅಪ್ಪಂದಿರು, ಹೆಂಡತಿಗೆ ಗೊತ್ತಾಗದ ಹಾಗೆ ಬೇರೆಯವರಿಗೆ ಜಿಪಿಎ (ಆಸ್ತಿ ವ್ಯವಹಾರದ ಅಧಿಕಾರ ಪತ್ರ) ಮಾಡುವ ಗಂಡಂದಿರು, ಎಲ್ಲರೂ ಕುಂಕುಮ ಇಟ್ಟುಕೊಂಡೇ ಬರುತ್ತಾರೆ. ನನಗೂ ಮದುವೆಯಾಗಿದೆ, ಚೆನ್ನಾಗಿಯೇ ಇದ್ದೇವೆ, ಮದುವೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ವಿಶೇಷ ವಿವಾಹದಲ್ಲಿ ಮಂತ್ರ ಇಲ್ಲ, ಹೋಮ ಇಲ್ಲ. ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿ, ಒಬ್ಬ ಅಧಿಕಾರಿ. ಯಾವ ಪುರೋಹಿತರನ್ನೂ ಯಾರೂ ಕರೆಯುತ್ತಿಲ್ಲ.

ಮದುವೆ ಅಂತಲೇ ಕರೆಯಬೇಕಾ, ಬೇರೆ ಹೆಸರಿಡಬೇಕಾ? ನನ್ನ ಮಗಳು ಮದುವೆ ಅಂತಲೇ ಇರಬೇಕು ಅಂತಾಳೆ. ಬೇರೆ ಹೆಸರಿಟ್ಟರೆ ಮತ್ತೆ ಬಿ-ಖಾತಾನೇ ಅಲ್ವಾ ಅಪ್ಪ ಅಂತ ನನ್ನ ಮಾತನ್ನು ನನಗೇ ತಿರುಗಿಸಿದಳು. ಉತ್ತರ ಹೊಳೆಯಲಿಲ್ಲ. ಈಗ ಅವಳ ಕಡೆಗೇ ವಾಲಿದ್ದೇನೆ ಅಂತ ಇಟ್ಟುಕೊಳ್ಳಿ. ಅಂದಹಾಗೆ ಮದುವೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಗಳೂ ಕೈ ಹಾಕಬಹುದು. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಕೊನೇ ಪಕ್ಷ ಸ್ಟಾಂಪ್ ಡ್ಯೂಟಿ ರಿಯಾಯಿತಿಯ ಪಟ್ಟಿಗೆ ಒಂದು ಪದ ಸೇರಿಸೋಕೆ ವಿಧಾನಸೌಧಕ್ಕೆ ದೆಹಲಿಯನ್ನು ಕಾಯುವ ಅಗತ್ಯವಿಲ್ಲ.

ಅಲ್ಲಿಯವರೆಗೆ, ಇದನ್ನು ಓದುತ್ತಿರುವ ಅಂಥ ಜೋಡಿಗಳು ಯಾರಾದರೂ ಇದ್ದರೆ ಸ್ವಲ್ಪ ಕೇಳಿ. ಮನೆ ತಗೊಳ್ಳುವಾಗಲೇ ಇಬ್ಬರ ಹೆಸರಲ್ಲೂ ಕ್ರಯಪತ್ರ ಮಾಡಿಸಿ, ಆಮೇಲೆ ದಾನ ಮಾಡೋಣ ಅನ್ನಬೇಡಿ. ಕಂತು ಯಾರ್ಯಾರು ಎಷ್ಟೆಷ್ಟು ಕಟ್ಟಿದ್ದು ಅನ್ನೋದಕ್ಕೆ ಬ್ಯಾಂಕಿನ ದಾಖಲೆ ಇಟ್ಟುಕೊಳ್ಳಿ, ಕೈಯಲ್ಲಿ ಕ್ಯಾಶ್ ಕೊಡಬೇಡಿ. ಜಿಪಿಎ ನಂಬಿ ಕೂರಬೇಡಿ, ಬರೆದುಕೊಟ್ಟವರು ತೀರಿಕೊಂಡ ದಿನವೇ ಅದೂ ತೀರಿಕೊಳ್ಳುತ್ತದೆ. ವಿಲ್ ಬರೆಸಿದರೆ ನಿಮಗಿಂತ ಚಿಕ್ಕ ವಯಸ್ಸಿನ ಇಬ್ಬರು ಸಾಕ್ಷಿಗಳನ್ನು ಕರೆತನ್ನಿ, ವಿಲ್ ಬರೆಸುವವರು ಆರೋಗ್ಯವಾಗಿದ್ದಾರೆ ಅಂತ ಡಾಕ್ಟರ್ ಚೀಟಿ ತನ್ನಿ, ಸಹಿ ಹಾಕುವಾಗ ವಿಡಿಯೋ ಮಾಡಿ. ರಕ್ತಸಂಬಂಧಿಗಳಿಗೆ ಯಾಕೆ ಕೊಡುತ್ತಿಲ್ಲ ಅನ್ನೋದನ್ನು ಒಂದು ಪ್ಯಾರಾ ನೇರವಾಗಿ ಬರೆಸಿ. ಸ್ನೇಹಿತೆ, ಸ್ನೇಹಿತ ಅಂತ ಬರೆಯೋಕೆ ಬಂದರೆ ಬರೆಯುವವನ ಕೈ ಹಿಡಿದು ನಿಲ್ಲಿಸಿ. "ಇಷ್ಟು ವರ್ಷದಿಂದ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿರುವ ನನ್ನ ಬಾಳಸಂಗಾತಿ" ಅಂತ ಹಾಕಿಸಿ. 377 ಈಗ ನಿಮ್ಮನ್ನು ಏನೂ ಮಾಡಲ್ಲ.

ನನ್ನ ಹತ್ತಿರವೇ ಬರೋದಾದರೆ ಶನಿವಾರ ಬೇಡ, ಜಾಸ್ತಿ ರಶ್ ಇರುತ್ತೆ. ಆಧಾರ್ ಜೆರಾಕ್ಸ್ ಮನೆಯಿಂದಲೇ ಮಾಡಿಸಿಕೊಂಡು ಬನ್ನಿ, ನನ್ನ ಪ್ರಿಂಟರ್ ಕೆಟ್ಟು ಕೂತಿದೆ.