ಮೊದಲ ಕಂತಿನ ಉಪ್ಪಿಟ್ಟು, ಏಳೂವರೆಯ ಶನಿ

"ಚಾಟ್‌ಜಿಪಿಟಿ ಹೇಳಿತು:"

2025ರ ಜುಲೈನಲ್ಲಿ ಹೊಸ ಸೀಸನ್ ಶುರುವಾದಾಗ ಜಪಾನಿ ಕಾರ್ಟೂನ್ ಧಾರಾವಾಹಿಗಳನ್ನು, ಅಂದರೆ ಅನಿಮೆಗಳನ್ನು, ತೋರಿಸುವ ಜಾಲತಾಣ ಕ್ರಂಚಿರೋಲ್‌ನ ಒಂದು ಅನಿಮೆಯ ಜರ್ಮನ್ ಸಬ್‌ಟೈಟಲ್‌ನಲ್ಲಿ ಈ ಎರಡು ಪದ ರಾಜಾರೋಷವಾಗಿ ಕಾಣಿಸಿಕೊಂಡವಲ್ಲ, ಅದನ್ನು ನೋಡಿ ನಕ್ಕವರೇ ಎಲ್ಲ. ನಗಬಾರದಿತ್ತು. ಸಬ್‌ಟೈಟಲ್ ಬರೆಯುವವರ ಹೆಸರು ಪರದೆ ಮೇಲೆ ಬರುವುದೇ ಅಪರೂಪ. ರಾತ್ರಿಯೆಲ್ಲ ಕೂತು ಅನುವಾದಿಸಿದ ಮನುಷ್ಯರಿಗೆ ಸಿಗದ ಮರ್ಯಾದೆ ಯಂತ್ರಕ್ಕೆ ಸಿಕ್ಕಿತು. ಅದೂ ಕೊನೆಯಲ್ಲಿ ಸಣ್ಣಕ್ಷರದಲ್ಲಲ್ಲ, ಯಕ್ಷಗಾನದ ಭಾಗವತರ ಹಾಗೆ ಕಥೆಯ ನಡುವೆಯೇ. ಹೊರಗಿನ ಗುತ್ತಿಗೆದಾರರು ಒಪ್ಪಂದ ಮೀರಿ ಎಐ ಬಳಸಿದ್ದಾರೆ ಎಂದು ಕಂಪನಿ ಹೇಳಿತು. ಇರಲಿ. ಜರ್ಮನ್ ಬಲ್ಲ ಒಬ್ಬರೇ ಒಬ್ಬರು ಆ ಕಂತನ್ನು ಒಮ್ಮೆ ಓಡಿಸಿ ನೋಡಿದ್ದರೆ ಸಾಕಿತ್ತು. 24 ನಿಮಿಷದ ಕೆಲಸ.

ಆದರೆ ಪುರುಸೊತ್ತು ಯಾರಿಗಿದೆ? ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ವರ್ಷಕ್ಕೆ ನಾಲ್ಕು ಸಲ ಐವತ್ತು ಅರವತ್ತು ಹೊಸ ಅನಿಮೆ ತಂದು ಸುರಿಯುತ್ತಾರೆ. ಸುರಿದ ಮೂರನೇ ದಿನಕ್ಕೆ ತೀರ್ಪೂ ಬಂದುಬಿಡುತ್ತದೆ: ಇದು ಈ ವರ್ಷದ ಶ್ರೇಷ್ಠ, ಅದು ಕಸ. ಒಂದು ಕಂತಿನಲ್ಲಿ ಶುರುವಿನ ಹಾಡಿಗೆ 90 ಸೆಕೆಂಡು, ಕೊನೆಯ ಹಾಡಿಗೆ 90 ಸೆಕೆಂಡು. ಮಿಕ್ಕ 21 ನಿಮಿಷ ನೋಡಿ ಇಡೀ ಜಾತಕ ಬರೆದಾಯಿತು.

ಮೊದಲ ಕಂತು ಎಂದರೆ ಹೆಣ್ಣು ನೋಡುವ ಶಾಸ್ತ್ರದ ಉಪ್ಪಿಟ್ಟು, ಕೇಸರಿಬಾತು. ಅವತ್ತು ತುಪ್ಪ ತೇಲುತ್ತದೆ, ಗೋಡಂಬಿ ಎಣಿಸದೆ ಬೀಳುತ್ತದೆ. ಸ್ಟುಡಿಯೋದ ಒಳ್ಳೇ ಕೈಗಳೆಲ್ಲ ತಿಂಗಳುಗಟ್ಟಲೆ ಮೊದಲೇ ಕೂತು ಆ ಒಂದು ಕಂತು ತಿದ್ದಿರುತ್ತವೆ. ಮನೆಯ ನಿಜವಾದ ಉಪ್ಪಿಟ್ಟು ಗೊತ್ತಾಗುವುದು ಐದನೇ ವಾರದ ಮೇಲೆ.

ಯಾಕೆಂದರೆ ಲೆಕ್ಕ ಹೀಗಿದೆ. ಸೆಕೆಂಡಿಗೆ 24 ಫ್ರೇಮ್. ಅನಿಮೆಯಲ್ಲಿ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಮೂರು ಫ್ರೇಮ್ ಎಳೆಯುತ್ತಾರೆ, ಅಂದರೆ ಸೆಕೆಂಡಿಗೆ 8 ಚಿತ್ರ. ಅಷ್ಟು ಉಳಿಸಿದರೂ ಕಂತಿಗೆ ಮೂರು ನಾಲ್ಕು ಸಾವಿರ ಚಿತ್ರ ಬೇಕು. ಚಲನೆಯ ಮುಖ್ಯ ಭಂಗಿ ಬರೆಯುವುದು ಗೆಂಗಾ, ನಡುವಿನದನ್ನು ತುಂಬುವುದು ದೋಗಾ, ಹತ್ತು ಕೈ ಬರೆದ ಹತ್ತು ಮುಖವನ್ನು ಒಂದೇ ಮುಖವಾಗಿ ತಿದ್ದುವವರು ಸಕ್ಕನ್. ಗೆಂಗಾ ತಡವಾಗಿ ಬಂದರೆ ಸಕ್ಕನ್ ಒಬ್ಬರ ಕೈಲಿ ತಿದ್ದಿ ಮುಗಿಯದು. ಹಂಚುತ್ತಾರೆ. ಹಾಗಾಗಿ ಮೊದಲ ಕಂತು ನೋಡುವಾಗ ಕೊನೆಯ ಹಾಡನ್ನು ಹಾರಿಸಬೇಡಿ, ಅದರ ಜತೆ ಬರುವ ಸಕ್ಕನ್‌ಗಳ ಹೆಸರು ಎಣಿಸಿ. ಮೊದಲ ಕಂತಿಗೆ ಇಬ್ಬರು ಸಕ್ಕನ್ ಇದ್ದು ಆರನೆಯದಕ್ಕೆ ಹದಿನೈದು ಜನ ಆಗಿದ್ದರೆ ಮನೆಯೊಳಗೆ ಹೊಗೆ ಎದ್ದಿದೆ ಎಂದೇ ಅರ್ಥ. ಆಮೇಲೆ ಪಾತ್ರಗಳು ಬೆನ್ನು ತಿರುಗಿಸಿ ಮಾತಾಡತೊಡಗುತ್ತವೆ. ತುಟಿ ಬರೆಯುವ ಖರ್ಚಿಲ್ಲ. ಪ್ರೇಮ ನಿವೇದನೆಯ ಹೊತ್ತಿಗೆ ಕ್ಯಾಮೆರಾ ಆಕಾಶ, ವಿದ್ಯುತ್ ತಂತಿ, ಟೀ ಕಪ್ಪುಗಳನ್ನು ನಿಧಾನವಾಗಿ ನೋಡುತ್ತಾ ಕೂರುತ್ತದೆ. ವಿಮರ್ಶಕರು ಇದನ್ನು ಮೌನದ ಕಾವ್ಯ ಎನ್ನುತ್ತಾರೆ.

ಅನಿಮೆಗಳ ಹೆಸರಿನ ವಿಷಯಕ್ಕೆ ಬಂದರೆ ದೂರುವುದಕ್ಕೇನೂ ಇಲ್ಲ. ಕಥೆ, ಪಾತ್ರ, ಕೊನೆ ಎಲ್ಲವೂ ಶೀರ್ಷಿಕೆಯಲ್ಲೇ ಇರುತ್ತದೆ, ನೋಡುವ ಶ್ರಮವೇ ಬೇಡ. ಇವುಗಳಲ್ಲಿ ಬಹಳಷ್ಟರ ಮೂಲ ವೆಬ್ ಕಾದಂಬರಿಗಳು. ಸಾವಿರಾರು ಹೆಸರುಗಳ ಪಟ್ಟಿಯಲ್ಲಿ ಓದುಗರ ಬೆರಳು ನಿಲ್ಲಬೇಕಾದರೆ ಹೆಸರೇ ಸಾರಾಂಶವಾಗಬೇಕು. ನಾಯಕ ಸಾಯುತ್ತಾನೆ, ಹೆಚ್ಚಾಗಿ ಲಾರಿ ಗುದ್ದಿ, ಬೇರೆ ಲೋಕದಲ್ಲಿ ಹುಟ್ಟುತ್ತಾನೆ. ಪುನರ್ಜನ್ಮ ನಮ್ಮದೇ ಸರಕು ಎಂದು ಬೀಗುವವರು ಸ್ವಲ್ಪ ಕೇಳಿ: 2018ರಲ್ಲಿ ಲೋಳೆಯಾಗಿ, 2021ರಲ್ಲಿ ಜೇಡವಾಗಿ, 2022ರಲ್ಲಿ ಖಡ್ಗವಾಗಿ ಹುಟ್ಟಿದ್ದಾಯಿತು. 2023ರಲ್ಲಿ ಒಬ್ಬ ತಂಪು ಪಾನೀಯ ಕೊಡುವ ವೆಂಡಿಂಗ್ ಮಷೀನ್ ಆಗಿ ಹುಟ್ಟಿದ. ನಮ್ಮ 84 ಲಕ್ಷ ಯೋನಿಗಳಲ್ಲಿ ಅದು ಬಿಟ್ಟುಹೋಗಿತ್ತು. ಎರಡು ವರ್ಷಕ್ಕೆ ಮಷೀನಿನ ಎರಡನೇ ಸೀಸನ್ನೂ ಬಂತು.

ಪ್ರಸಾರದ ವೇಳೆಯೂ ಪಾರಮಾರ್ಥಿಕವೇ. ಜಪಾನಿನ ಟಿ.ವಿ. ಪಟ್ಟಿಯಲ್ಲಿ ಶನಿವಾರ 25 ಗಂಟೆ 30 ನಿಮಿಷ ಎಂದಿರುತ್ತದೆ. ಎಂದರೆ ಭಾನುವಾರ ಬೆಳಗಿನ ಜಾವ ಒಂದೂವರೆ. ಇನ್ನೂ ಮಲಗಿಲ್ಲವಲ್ಲ, ಹಾಗಾಗಿ ಶನಿವಾರ ಮುಗಿದಿಲ್ಲ ಎಂಬ ವಾದ. ಸೂರ್ಯ ಹುಟ್ಟುವ ತನಕ ವಾರ ಬದಲಿಸದ ನಮ್ಮ ಪಂಚಾಂಗದವರು ಇದನ್ನು ಕೂಡಲೇ ಒಪ್ಪಿಯಾರು. ಬೆಂಗಳೂರಿಗೆ ಇದರಿಂದ ಅನುಕೂಲವೇ: ಅವರ ಗಡಿಯಾರದಿಂದ ಮೂರೂವರೆ ಗಂಟೆ ಕಳೆದರೆ ನಮಗಿನ್ನೂ ಶನಿವಾರ ರಾತ್ರಿ 10. ಭಾಷೆ ಮಾತ್ರ ಕೇಳಬೇಡಿ. ಡೀಮನ್ ಸ್ಲೇಯರ್ ಸಿನಿಮಾ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂದಾಗ ಹಿಂದಿ, ತಮಿಳು, ತೆಲುಗು ಕಲಿತೇ ಬಂದಿತ್ತು. ಕನ್ನಡಿಗರು ಎಲ್ಲ ಭಾಷೆಯನ್ನೂ ಅರ್ಥಮಾಡಿಕೊಳ್ಳುತ್ತಾರೆ ಎಂಬ ಹೊಗಳಿಕೆಗೆ ತೆರುವ ಬೆಲೆ ಇದು.

'ಕೊನೆ' ಎಂಬ ಪದಕ್ಕೂ ಹೊಸ ಅರ್ಥ ಬಂದಿದೆ. ಅಟ್ಯಾಕ್ ಆನ್ ಟೈಟನ್‌ನ 'ಅಂತಿಮ ಸೀಸನ್' ಶುರುವಾದದ್ದು 2020ರ ಡಿಸೆಂಬರ್‌ನಲ್ಲಿ. ಅದರ ಎರಡನೇ ಭಾಗ 2022ರ ಜನವರಿಗೆ. ಆಮೇಲೆ ಅಂತಿಮ ಅಧ್ಯಾಯಗಳು, ಅದರಲ್ಲೂ ಎರಡು ತುಂಡು: ಒಂದು 2023ರ ಮಾರ್ಚ್, ಇನ್ನೊಂದು ನವೆಂಬರ್. ಸೀರೆ ಎಕ್ಸಿಬಿಷನ್ನಿನ 'ಕೊನೆಯ ಮೂರು ದಿನ' ಬೋರ್ಡು ಆಷಾಢದಿಂದ ಆಷಾಢಕ್ಕೆ ಅಲ್ಲೇ ನಿಂತಿರುವುದನ್ನು ಕಂಡವರಿಗೆ ಇದು ಹೊಸದಲ್ಲ.

ಇಲ್ಲಿಗೆ ನಗು ಸಾಕು. ಒನ್ ಪಂಚ್ ಮ್ಯಾನ್‌ನ ಮೂರನೇ ಸೀಸನ್ ಆರು ವರ್ಷ ಕಾಯಿಸಿ 2025ರ ಅಕ್ಟೋಬರ್‌ನಲ್ಲಿ ಬಂತು. ಚಿತ್ರಗಳು ಅಲುಗಲಿಲ್ಲ. ಸರಿ, ಬೇಸರ ಆಗುವಂಥದ್ದೇ. ಆದರೆ ಬೈಗುಳವೆಲ್ಲ ಹೋದದ್ದು ನಿರ್ದೇಶಕರಿಗೆ, ಅವರು ಎಕ್ಸ್ ಖಾತೆ ಮುಚ್ಚುವ ತನಕ. ದುಡ್ಡು ಹಾಕುವುದು ನಿರ್ಮಾಣ ಸಮಿತಿ: ಪ್ರಕಾಶಕರು, ಟಿ.ವಿ.ಯವರು, ಹಾಡಿನ ಕಂಪನಿ, ಗೊಂಬೆ ಮಾರುವವರು. ಸ್ಟುಡಿಯೋಗೆ ಸಾಮಾನ್ಯವಾಗಿ ಸಿಗುವುದು ಗೊತ್ತುಪಡಿಸಿದ ಗುತ್ತಿಗೆ ಹಣ. ಲಾಭ ಬಂದರೆ ಸಮಿತಿಗೆ. ಸಮಿತಿಗೆ ಮುಖವಿಲ್ಲ, ಎಕ್ಸ್ ಖಾತೆಯೂ ಇಲ್ಲ, ಆದ್ದರಿಂದ ಯಾರೂ ಅದನ್ನು ಬೈಯುವುದಿಲ್ಲ. ಅನಿಮೆಯ ಜಾಗತಿಕ ವಹಿವಾಟು 2023ರಲ್ಲೇ 3 ಲಕ್ಷ ಕೋಟಿ ಯೆನ್ ದಾಟಿದೆ. ದೋಗಾ ಬರೆಯುವವರಿಗೆ ಒಂದು ಚಿತ್ರಕ್ಕೆ ಬಹುಕಾಲದಿಂದ 200 ಯೆನ್ ಆಸುಪಾಸು. 2025ರ ಅಕ್ಟೋಬರ್‌ನಲ್ಲಿ ಟೋಕಿಯೋದ ಕನಿಷ್ಠ ಕೂಲಿ ಗಂಟೆಗೆ 1,226 ಯೆನ್ ಆಯಿತು. ಅಂಗಡಿಯಲ್ಲಿ ಕಸ ಗುಡಿಸುವ ಹುಡುಗನಷ್ಟು ದುಡಿಯಲು ಗಂಟೆಗೆ ಆರು ಚಿತ್ರ ಬರೆಯಬೇಕು, ಹತ್ತು ನಿಮಿಷಕ್ಕೊಂದು. ಕವಚ ತೊಟ್ಟ ಕುದುರೆ ಬಂದರೆ ಒಂದಕ್ಕೇ ಒಂದು ಗಂಟೆ ಹೋಗುತ್ತದೆ. ಆ ಕುದುರೆ ಸರಿಯಾಗಿ ಓಡಲಿಲ್ಲ ಎಂದು ನಾವು ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇವೆ.

ಕೈ ಸಾಗದ ವಾರ ಬಂದೇ ಬರುತ್ತದೆ. ಆಗ ಹಳೇ ದೃಶ್ಯಗಳನ್ನೇ ಕತ್ತರಿಸಿ ಅಂಟಿಸಿ, ಮೇಲೊಂದು ಧ್ವನಿ ಕೂರಿಸಿ 'ಇಲ್ಲಿಯವರೆಗಿನ ಕಥೆ' ಎಂದು ಬಿಡುತ್ತಾರೆ. ಅದನ್ನು ಎಂಟನೇ ಕಂತು ಎನ್ನಲು ಅವರಿಗೇ ನಾಚಿಕೆ, ಹಾಗಾಗಿ 7.5 ಎಂದು ಸಂಖ್ಯೆ. ಏಳೂವರೆ! ಶನಿಕಾಟ ಎಷ್ಟು ವರ್ಷ ಎಂದು ಜಪಾನಿಗರಿಗೆ ಹೇಳಿಕೊಟ್ಟವರು ಯಾರೋ. ಎಳ್ಳೆಣ್ಣೆ ದೀಪ ಹಚ್ಚಿಟ್ಟು ಕಾಯಿರಿ, ಎಂಟನೆಯದು ಮುಂದಿನ ಶನಿವಾರ, 25 ಗಂಟೆ 30 ನಿಮಿಷಕ್ಕೆ.